ಇಲಿಯನ್ನು ಕೊಂದದ್ದು ವೈರಸ್ಸೋ, ಕಾವಲು ಕೋಶವೋ?

ಎಲ್‌ಸಿಎಂ ಎಂಬ ವೈರಸ್ಸನ್ನು ವಯಸ್ಕ ಇಲಿಯ ಮಿದುಳಿಗೆ ಚುಚ್ಚಿದರೆ ವಾರದ ಆಸುಪಾಸಿನಲ್ಲಿ ಅದು ಸೆಳೆತ ಬಂದು ಸಾಯುತ್ತದೆ. ಸಾಯಿಸಿದ್ದು ವೈರಸ್ಸೇ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅಂಥದೇ ಇಲಿಗೆ ಎಕ್ಸ್-ಕಿರಣ ಹಾಯಿಸಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಅದೇ ವೈರಸ್ಸನ್ನು ಕೊಟ್ಟರೆ ಅದು ಬದುಕಿಕೊಳ್ಳುತ್ತದೆ. ವೈರಸ್ ಮಿದುಳಿನಲ್ಲಿ ಬೆಳೆಯುತ್ತಲೇ ಇರುತ್ತದೆ, ಇಲಿಗೆ ಮಾತ್ರ ಕಾಯಿಲೆಯಿಲ್ಲ. ವಾಲೇಸ್ ರೋ 1950ರ ದಶಕದಲ್ಲಿ ಇದನ್ನು ತೋರಿಸಿದರು. ಸೋಂಕು ತಗುಲಿದ ಜೀವಕೋಶಗಳನ್ನು ದೇಹದ ಕಾವಲು ಕೋಶಗಳು ಹೇಗೆ ಕೊಲ್ಲುತ್ತವೆ ಎಂಬ ಇಂದಿನ ತಿಳಿವಳಿಕೆಯ ದೊಡ್ಡ ಪಾಲು ಬಂದದ್ದು ಈ ಒಂದು ವೈರಸ್ಸಿನಿಂದ.

ಅದು ಕಣ್ಣಿಗೆ ಬಿದ್ದದ್ದೇ ಆಕಸ್ಮಿಕ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮಿದುಳಿನ ಉರಿಯೂತ ಹರಡಿದಾಗ ಕಾರಣ ಹುಡುಕುತ್ತಿದ್ದವರಿಗೆ, ಬೇಕಾಗಿದ್ದ ವೈರಸ್ಸಿನ ಜೊತೆಗೆ ಬೇಡದ ಇದೂ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಎರಿಕ್ ಟ್ರಾಬ್ ಪ್ರಿನ್ಸ್‌ಟನ್‌ನ ರಾಕ್‌ಫೆಲರ್ ಸಂಸ್ಥೆ ಸಾಕಿದ್ದ ಇಲಿಗಳಲ್ಲೇ ಅದನ್ನು ಕಂಡರು. ತಾಯಿಯ ಗರ್ಭದಲ್ಲಿದ್ದಾಗಲೇ ಸೋಂಕು ತಗುಲಿದ ಮರಿಗಳು ಸಾಯುತ್ತಿರಲಿಲ್ಲ. ಮೈತುಂಬ ವೈರಸ್ ಹೊತ್ತು ಬಹುಕಾಲ ಆರೋಗ್ಯವಾಗಿಯೇ ಓಡಾಡಿಕೊಂಡಿರುತ್ತಿದ್ದವು. ಹುಟ್ಟುವ ಮೊದಲೇ ಪರಿಚಯವಾದದ್ದನ್ನು ದೇಹ ತನ್ನದೆಂದೇ ಒಪ್ಪಿಕೊಂಡಿತ್ತು.

ಹಾಗಾದರೆ ಕೊಲ್ಲುವುದು ಯಾರು? ಪ್ರತಿಕಾಯಗಳ ಮೇಲೆ ಅನುಮಾನವಿತ್ತು, ಬಿಳಿ ರಕ್ತಕಣಗಳ ಮೇಲೂ ಇತ್ತು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್, ಆಗತಾನೇ ಹುಟ್ಟಿದ ಇಲಿಮರಿಗಳಿಂದ ಥೈಮಸ್ ಗ್ರಂಥಿಯನ್ನು ತೆಗೆದುಹಾಕಿ, ಅವು ಬೇರೆ ತಳಿಯ ಚರ್ಮದ ಕಸಿಯನ್ನೂ ತಿರಸ್ಕರಿಸಲಾರವು ಎಂದು ತೋರಿಸಿದರು. ಆವರೆಗೆ ಕೆಲಸಕ್ಕೆ ಬಾರದ್ದು ಎಂದುಕೊಂಡಿದ್ದ ಗ್ರಂಥಿ ಅದು. ಥೈಮಸ್ ಇಲ್ಲದ ಇಲಿಗಳು ಎಲ್‌ಸಿಎಂನಿಂದಲೂ ಪಾರಾಗುತ್ತಿದ್ದವು. ಅನುಮಾನ ಥೈಮಸ್‌ನಲ್ಲಿ ಪಳಗಿ ಬರುವ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಕಡೆಗೆ ತಿರುಗಿತು.

1973ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಶುವೈದ್ಯ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದಿದ್ದ ವೈದ್ಯ ರಾಲ್ಫ್ ಜಿಂಕರ್‌ನಾಗೆಲ್ ಒಂದೇ ಪ್ರಯೋಗಾಲಯದಲ್ಲಿ ಸೇರಿದರು. ಸೇರಿಸಿದ್ದು ಯಾವ ದೊಡ್ಡ ಯೋಜನೆಯೂ ಅಲ್ಲ, ಜಾಗದ ಅಭಾವ. ಅವರ ಪ್ರಯೋಗದ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಇಲಿಯ ಜೀವಕೋಶಗಳಿಗೆ ಸೋಂಕು ತಗುಲಿಸಿ, ವಿಕಿರಣಶೀಲವಾದ ಕ್ರೋಮಿಯಂ-51 ಉಣಿಸುತ್ತಾರೆ. ಕೋಶದೊಳಗೆ ಹೊಕ್ಕ ಕ್ರೋಮಿಯಂ ಅಲ್ಲೇ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಹೊರಗುಳಿದದ್ದನ್ನು ತೊಳೆದುಹಾಕಿ, ವಾರದ ಹಿಂದೆ ಸೋಂಕು ತಗುಲಿದ್ದ ಇಲಿಯ ಗುಲ್ಮದಿಂದ ತೆಗೆದ ಬಿಳಿ ಕಣಗಳನ್ನು ಅದರ ಮೇಲೆ ಸುರಿದು ಕೆಲವು ಗಂಟೆ ಬೆಚ್ಚಗಿಡುತ್ತಾರೆ. ಕೋಶ ಒಡೆದು ಸತ್ತರೆ ಕ್ರೋಮಿಯಂ ದ್ರವಕ್ಕೆ ಸೋರುತ್ತದೆ. ಮೇಲಿನ ತಿಳಿಯನ್ನಷ್ಟೇ ಹೀರಿ ವಿಕಿರಣವನ್ನು ಎಣಿಸಿದರೆ ಎಷ್ಟು ಕೋಶ ಸತ್ತವೆಂಬುದು ಗೊತ್ತಾಗುತ್ತದೆ. ಏನೂ ಮಾಡದಿದ್ದರೂ ಒಂದಿಷ್ಟು ಸೋರುವುದರಿಂದ ಅದನ್ನು ಕಳೆದು ಲೆಕ್ಕ ಹಾಕುತ್ತಾರೆ.

ಮೊದಲ ಸಲವೇ ಕೋಶಗಳು ಸತ್ತವು. ಬಳಸಿದ್ದು ಸಿಬಿಎ ತಳಿಯ ಇಲಿಗಳನ್ನು; ಗುರಿಯಾಗಿದ್ದವು ಎಲ್929 ಎಂಬ, ಸಿ3ಎಚ್ ತಳಿಯ ಇಲಿಯಿಂದ ಬಂದ ಕೋಶಗಳು. ನಂತರ ಬೇರೆ ಬೇರೆ ತಳಿಯ ಇಲಿಗಳನ್ನು ಪರೀಕ್ಷಿಸಿದಾಗ ವಿಚಿತ್ರ ಎದುರಾಯಿತು. ಕೆಲವು ತಳಿಗಳ ಕಣಗಳು ಕೊಂದವು, ಇನ್ನು ಕೆಲವು ಅದೇ ವೈರಸ್ ಎದುರಿಗಿದ್ದರೂ ಸುಮ್ಮನಿದ್ದವು. ಕೊಂದ ತಳಿಗಳೆಲ್ಲ ಎಲ್929 ಕೋಶಗಳೊಂದಿಗೆ ಎಚ್-2 ಎಂಬ ವಂಶವಾಹಿಗಳ ಒಂದೇ ಬಗೆಯನ್ನು ಹಂಚಿಕೊಂಡಿದ್ದವು. ಸಿಬಿಎ ಮತ್ತು ಸಿ3ಎಚ್ ಎರಡರದೂ ಅದೇ ಬಗೆ. ಮೊದಲ ದಿನ ಬೇರೆ ತಳಿಯನ್ನು ಎತ್ತಿಕೊಂಡಿದ್ದರೆ ಏನೂ ಕಾಣದೆ ವಿಷಯ ಅಲ್ಲಿಗೇ ನಿಲ್ಲಬಹುದಿತ್ತು.

ಎಚ್-2 ಹೊಸದೇನಲ್ಲ. 1930ರ ದಶಕದಲ್ಲಿ ಪೀಟರ್ ಗೋರರ್ ಅದರ ಜಾಡು ಹಿಡಿದಿದ್ದರು, ಜಾರ್ಜ್ ಸ್ನೆಲ್ ಅದನ್ನು ಬಿಡಿಸಿ ನೋಡಿದ್ದರು. ಕಸಿ ಮಾಡಿದ ಅಂಗಾಂಶ ಉಳಿಯುತ್ತದೋ ಇಲ್ಲವೋ ಎಂಬುದನ್ನು ನಿರ್ಧರಿಸುವ ವಂಶವಾಹಿಗಳು ಎಂದೇ ಅವು ಹೆಸರಾಗಿದ್ದವು. ಆದರೆ ಒಂದು ಇಲಿಯ ಚರ್ಮವನ್ನು ಇನ್ನೊಂದಕ್ಕೆ ಹೊಲಿಯುವವರು ಪ್ರಕೃತಿಯಲ್ಲಿ ಯಾರೂ ಇಲ್ಲ. ಇವುಗಳ ನಿಜವಾದ ಕೆಲಸವೇನೆಂದು ಕ್ಯಾನ್‌ಬೆರಾದ ಪ್ರಯೋಗ ಹೇಳಿತು: ಟಿ ಕೋಶ ವೈರಸ್ಸನ್ನಷ್ಟೇ ನೋಡುವುದಿಲ್ಲ, ತನ್ನ ದೇಹದ್ದೇ ಗುರುತಿನೊಡನೆ ವೈರಸ್ ಕಂಡಾಗ ಮಾತ್ರ ಕೊಲ್ಲಲು ಕೈ ಎತ್ತುತ್ತದೆ. 1974ರಲ್ಲಿ ಪ್ರಕಟವಾದ ಈ ಮಾತಿಗೆ 1996ರಲ್ಲಿ ನೊಬೆಲ್ ಬಂತು.

ಇಬ್ಬರಿಗೂ ತಿಳಿಯದೆ ಉಳಿದದ್ದು ಆ ಎರಡೂ ಹೇಗೆ ಒಟ್ಟಿಗೆ ಕಾಣುತ್ತವೆ ಎಂಬುದು. ಉತ್ತರಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಫ್ಲೂ ವೈರಸ್ಸಿನ ಒಳಗಡೆ ಅಡಗಿರುವ ಪ್ರೋಟೀನನ್ನು ಇಲಿಯ ಟಿ ಕೋಶಗಳು ಗುರುತಿಸುತ್ತಿದ್ದವು. ಹೊರಗೆ ಕಾಣದ ವಸ್ತು ಗುರುತಿಗೆ ಸಿಗುವುದೆಂತು? ಆ ಪ್ರೋಟೀನಿನ ಪುಟ್ಟ ತುಣುಕೊಂದನ್ನು ಕೋಶಗಳಿಗೆ ಹೊರಗಿನಿಂದ ಸೇರಿಸಿದರೂ ಸಾಕು, ಟಿ ಕೋಶಗಳು ಅವನ್ನು ಕೊಲ್ಲುತ್ತವೆ ಎಂದು 1986ರಲ್ಲಿ ಅಲೆನ್ ಟೌನ್‌ಸೆಂಡ್ ತೋರಿಸಿದರು. ಮರುವರ್ಷ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು, ಎಚ್-2 ವಂಶವಾಹಿಗಳು ತಯಾರಿಸುವ ಗುರುತಿನ ಜಾತಿಯದೇ ಆದ, ಮನುಷ್ಯರಲ್ಲಿರುವ ಅಣುವಿನ ರಚನೆಯನ್ನು ಬಿಡಿಸಿದಾಗ ಅದರ ನೆತ್ತಿಯಲ್ಲೊಂದು ಸೀಳು, ಸೀಳಿನಲ್ಲಿ ಸಿಕ್ಕಿಕೊಂಡ ತುಣುಕು ಕಂಡವು. ಜೀವಕೋಶ ತನ್ನೊಳಗೆ ತಯಾರಾಗುವ ಪ್ರೋಟೀನುಗಳನ್ನು ಕತ್ತರಿಸಿ, ಅಂಗೈಯಲ್ಲಿಟ್ಟು ತೋರಿಸುವಂತೆ ಸದಾ ಹೊರಗೆ ತೋರಿಸುತ್ತಿರುತ್ತದೆ.

ಈ ಪ್ರದರ್ಶನವನ್ನೇ ಅಡಗಿಸಿಬಿಡುವ ವೈರಸ್ಸುಗಳೂ ಉಂಟು, ಇಲಿಗಳ ಸೈಟೊಮೆಗಾಲೊವೈರಸ್ ಅಂಥದ್ದು. ಎಚ್-2 ಗುರುತು ಕಾಣೆಯಾದ ಕೋಶದ ಮೇಲೆ ಎರಗುವ ಬೇರೊಂದು ಪಡೆಯೇ ಇದೆ ಎಂಬುದನ್ನು ಸ್ವೀಡನ್ನಿನ ಕ್ಲಾಸ್ ಕರ್ರೆ 1980ರ ದಶಕದಲ್ಲಿ ಇಲಿಯ ಕ್ಯಾನ್ಸರ್ ಗೆಡ್ಡೆಯ ಕೋಶಗಳಲ್ಲಿ ತೋರಿಸಿದರು. ಅವು ಸಹಜ ಹಂತಕ ಕೋಶಗಳು.

ಗುರುತಿಸಿದ ಮೇಲೆ ಕೊಲ್ಲುವ ಬಗೆ? ಟಿ ಕೋಶ ಗುರಿಗೆ ಅಂಟಿಕೊಂಡು ತನ್ನೊಳಗಿನ ಸಣ್ಣ ಚೀಲಗಳನ್ನು ಆ ಕಡೆಗೇ ತಿರುಗಿಸಿ ಖಾಲಿ ಮಾಡುತ್ತದೆ. ಅದರಲ್ಲಿರುವ ಪರ್ಫೊರಿನ್ ಪ್ರೋಟೀನು ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಗ್ರಾಂಜೈಮ್ ಎಂಬ ಕಿಣ್ವಗಳು ಒಳಹೊಕ್ಕು, ಕೋಶ ತನ್ನನ್ನು ತಾನೇ ಕೊಂದುಕೊಳ್ಳುವ ವ್ಯವಸ್ಥೆಗೆ ಚಾಲನೆ ಕೊಡುತ್ತವೆ. 1994ರಲ್ಲಿ ಜ್ಯೂರಿಕ್‌ನಲ್ಲಿ ಪರ್ಫೊರಿನ್ ವಂಶವಾಹಿಯಿಲ್ಲದ ಇಲಿಗಳನ್ನು ಹುಟ್ಟಿಸಿದರು. ಅವುಗಳ ಟಿ ಕೋಶಗಳು ಸಂಖ್ಯೆಯಲ್ಲಿ ಕಡಿಮೆಯಿರಲಿಲ್ಲ, ಎಲ್‌ಸಿಎಂ ವೈರಸ್ಸನ್ನು ಮಾತ್ರ ತೊಲಗಿಸಲಾಗಲಿಲ್ಲ. ವ್ಯಾಕ್ಸೀನಿಯಾ ವೈರಸ್ಸಿನ ವಿಷಯದಲ್ಲಿ ಇದೇ ಇಲಿಗಳಿಗೆ ತೊಂದರೆಯಾಗಲಿಲ್ಲ. ಕೊಲ್ಲುವುದೊಂದೇ ದಾರಿ ಎಂಬ ಉತ್ಸಾಹಕ್ಕೆ ಅಷ್ಟರ ಮಟ್ಟಿಗೆ ಕಡಿವಾಣ ಬಿತ್ತು.

ಕೊಲ್ಲುವ ಕೈ ಸೋಲುವುದೂ ಉಂಟು. ಎಲ್‌ಸಿಎಂನ ಕ್ಲೋನ್ 13 ಎಂಬ ತಳಿ ಇಲಿಯಲ್ಲಿ ಬಹುಕಾಲ ಬೀಡುಬಿಡುತ್ತದೆ, ಟಿ ಕೋಶಗಳು ದಣಿದು ಕೆಲಸ ನಿಲ್ಲಿಸುತ್ತವೆ. ಅವುಗಳ ಮೇಲಿರುವ ಪಿಡಿ-1 ಎಂಬ ತಡೆಯನ್ನು ಮುಚ್ಚಿದರೆ ಮತ್ತೆ ಚುರುಕಾಗುತ್ತವೆ ಎಂದು 2006ರಲ್ಲಿ ರಫಿ ಅಹ್ಮದ್ ಅವರ ತಂಡ ತೋರಿಸಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು: ಆ ತಡೆಯನ್ನು ಒತ್ತುವ ಅಣು ಹುಟ್ಟಿನಿಂದಲೇ ಇಲ್ಲದ ಇಲಿಗಳು ಕ್ಲೋನ್ 13 ತಗುಲಿದ ಕೆಲವೇ ದಿನಗಳಲ್ಲಿ ಸತ್ತವು.

ಇಷ್ಟಾದರೂ ಈ ಕೊಲೆ ಎಷ್ಟು ವೇಗದ್ದು ಎಂಬ ಅಂದಾಜು ಪಾತ್ರೆಯಲ್ಲಿ ಮಾಡಿದ ಪ್ರಯೋಗಗಳದ್ದೇ ಆಗಿತ್ತು. 2016ರಲ್ಲಿ ಜರ್ಮನಿಯ ಹ್ಯಾನೋವರ್‌ನ ತಂಡವೊಂದು ಜೀವಂತ ಇಲಿಯೊಳಗೇ ಸೂಕ್ಷ್ಮದರ್ಶಕ ಹಿಡಿದು ನೋಡಿದಾಗ, ಒಂದು ಟಿ ಕೋಶ ದಿನಕ್ಕೆ ಕೊಲ್ಲುವುದು 2ರಿಂದ 16 ಸೋಂಕಿತ ಕೋಶಗಳನ್ನಷ್ಟೇ ಎಂದು ಗೊತ್ತಾಯಿತು. ಎಷ್ಟೋ ಸಲ ಟಿ ಕೋಶ ಬಂದು, ಮುಟ್ಟಿ, ಕೊಲ್ಲದೆ ಹೊರಟುಹೋಗುತ್ತಿತ್ತು. ಒಂದೇ ಗುರಿಯನ್ನು ಹಲವು ಟಿ ಕೋಶಗಳು ಮುಟ್ಟಿದಾಗ ಅದು ಸಾಯುವ ಸಾಧ್ಯತೆ ಹೆಚ್ಚುತ್ತಿತ್ತು.