ನಾಯಿ ಸಾಯಬೇಕು ಅಂತಲೇ ಸಾಯುತ್ತದೆಯಾ?

"ಡಾಕ್ಟ್ರೇ, ನಮ್ಮಪ್ಪ ತೀರಿಹೋದಾಗಿನಿಂದ ಇದು ಅನ್ನ ಮುಟ್ಟಿಲ್ಲ. ಅವರ ಹಿಂದೇನೇ ಹೋಗೋಕೆ ನಿಂತುಬಿಟ್ಟಿದೆ." ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಸುತ್ತಲ ಹಳ್ಳಿಗಳಿಂದ ನಾಯಿ ತರುವವರು ಈ ಮಾತನ್ನು ಆಗಾಗ ಹೇಳುತ್ತಾರೆ. ಹೇಳುವಾಗ ಅವರ ಕಣ್ಣಲ್ಲಿ ನೀರಿರುತ್ತದೆ. ಆ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತನ್ನೇ ನಂಬಿ ಮೂರ್ನಾಲ್ಕು ದಿನ ಸುಮ್ನೆ ಕಾದಿರುತ್ತಾರಲ್ಲ, ನನಗೆ ಸಂಕಟ ಆಗುವುದು ಅಲ್ಲಿ.

ಚನ್ನಗಿರಿ ಕಡೆಯ ಅಡಿಕೆ ತೋಟದಿಂದ ಬಂದ ಒಂದು ನಾಯಿಯನ್ನೇ ತೆಗೆದುಕೊಳ್ಳಿ. ಯಜಮಾನರು ತೀರಿಕೊಂಡ ವಾರದಲ್ಲೇ ಊಟ ಬಿಟ್ಟಿತ್ತು. ಟೇಬಲ್ ಮೇಲೆ ಮಲಗಿಸಿ ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಬಿಳಿಚಿಕೊಂಡಿತ್ತು. ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಕಾಲ್ಬೆರಳುಗಳ ಸಂದು ಬಿಡಿಸಿದರೆ ರಕ್ತ ಹೀರುವ ಉಣ್ಣೆಹುಳುಗಳು. ಜ್ವರ 104 ಡಿಗ್ರಿ. ರಕ್ತ ಪರೀಕ್ಷೆಯಲ್ಲಿ ಉಣ್ಣೆಯಿಂದ ಬರುವ ಎರ್ಲಿಕಿಯಾ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಸಿಸೈಕ್ಲಿನ್ ಶುರು ಮಾಡಿದೆವು. ಎರಡನೇ ದಿನ ಮೊಸರನ್ನ ನೆಕ್ಕಿತು. ಈ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡಬೇಕು, ಚೇತರಿಸಿಕೊಂಡಿತು ಅಂತ ಮಧ್ಯದಲ್ಲಿ ಬಿಡಬಾರದು.

ಆ ನಾಯಿಗೆ ದುಃಖ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಇತ್ತು. ಮನೆಯಲ್ಲಿ ಸಾವಾದಾಗ ಎಲ್ಲರ ಗಮನವೂ ಬೇರೆ ಕಡೆ ಇರುತ್ತದೆ. ನಾಯಿಯ ಮೈ ತಡವಿ ಉಣ್ಣೆ ಕೀಳುತ್ತಿದ್ದ ಕೈಯೇ ಹೋಗಿರುತ್ತದೆ. ಮೊದಲೇ ಒಳಗಿದ್ದ ಕಾಯಿಲೆ ಆಗ ತಲೆ ಎತ್ತುತ್ತದೆ. 2022ರಲ್ಲಿ ಇಟಲಿಯ ಸಂಶೋಧಕರು ಮನೆಯ ಎರಡು ನಾಯಿಗಳಲ್ಲಿ ಒಂದು ಸತ್ತಾಗ ಇನ್ನೊಂದು ಹೇಗಿರುತ್ತದೆ ಅಂತ 426 ಜನರನ್ನು ಕೇಳಿದ್ದರು. ಉಳಿದ ನಾಯಿ ಬದಲಾಗಿದೆ ಅಂತ ಹೆಚ್ಚಿನವರು ಹೇಳಿದರು. ಆಟ ಕಡಿಮೆ, ಊಟ ಕಡಿಮೆ, ನಿದ್ದೆ ಜಾಸ್ತಿ. ದುಃಖ ನಿಜ. ಆದರೆ ದುಃಖಪಡುವುದು ಬೇರೆ, ಸಾಯಲು ತೀರ್ಮಾನಿಸುವುದು ಬೇರೆ. ತೀರ್ಮಾನ ಮಾಡಬೇಕಾದರೆ "ನಾನು" ಅಂತ ಒಬ್ಬನಿದ್ದೇನೆ, ನನಗೆ ಸಾವು ಅಂತ ಒಂದಿದೆ, ಹೀಗೆ ಮಾಡಿದರೆ ಅದು ಬರುತ್ತದೆ, ಇಷ್ಟೂ ಗೊತ್ತಿರಬೇಕು. ನಾಯಿಗೆ ತನ್ನ ವಾಸನೆ ಯಾವುದು, ಬೇರೆ ನಾಯಿಯದ್ದು ಯಾವುದು ಅಂತ ಚೆನ್ನಾಗಿ ಗೊತ್ತು. ಅದರಾಚೆಗೆ ತನ್ನ ಸಾವನ್ನೇ ಯೋಚಿಸಿ ಹೆಜ್ಜೆ ಇಡುತ್ತದೆ ಅನ್ನುವುದಕ್ಕೆ ಈವರೆಗೆ ಗಟ್ಟಿ ಆಧಾರ ಸಿಕ್ಕಿಲ್ಲ.

ಜಪಾನಿನ ಹಚಿಕೊ ಕಥೆ ಎಲ್ಲರಿಗೂ ಗೊತ್ತು. ಯಜಮಾನರು 1925ರಲ್ಲಿ ತೀರಿಕೊಂಡ ಮೇಲೂ ಶಿಬುಯಾ ರೈಲು ನಿಲ್ದಾಣದಲ್ಲಿ ಕಾದಿದ್ದ ನಾಯಿ ಅದು. ಕೊರಗಿ ಕೊರಗಿ ಪ್ರಾಣ ಬಿಟ್ಟಿತು ಅಂತ ಜನ ಹೇಳುತ್ತಾರೆ. ಆದರೆ ಹಚಿಕೊ ಬದುಕಿದ್ದು 1935ರ ಮಾರ್ಚ್‌ವರೆಗೆ, ಹತ್ತಿರ ಹತ್ತು ವರ್ಷ. ಸತ್ತ ಮೇಲೆ ಹೊಟ್ಟೆಯಲ್ಲಿ ಕೋಳಿ ಮಾಂಸ ಸುಡುವ ಕಡ್ಡಿಗಳು ಸಿಕ್ಕಿದವು. ಅಂದರೆ ಜನ ಕೊಟ್ಟಿದ್ದನ್ನು ತಿಂದುಕೊಂಡೇ ಕಾದಿತ್ತು. ಉಳಿಸಿಟ್ಟಿದ್ದ ಅಂಗಾಂಗಗಳನ್ನು 2011ರಲ್ಲಿ ಮತ್ತೆ ಪರೀಕ್ಷಿಸಿದಾಗ ಹೃದಯ, ಶ್ವಾಸಕೋಶದಲ್ಲಿ ಕ್ಯಾನ್ಸರ್ ಕಂಡಿತು. ಹೃದಯದಲ್ಲಿ ಹುಳುವಿನ ಬಾಧೆಯೂ ಇತ್ತು. ಆ ನಿಷ್ಠೆ ಇದರಿಂದ ಕಡಿಮೆ ಆಗುವುದಿಲ್ಲ, ನನ್ನ ಮಟ್ಟಿಗೆ ಜಾಸ್ತಿಯೇ ಆಗುತ್ತದೆ.

ಇನ್ನೊಂದು ಪ್ರಶ್ನೆ ಕಾಲೇಜು ಹುಡುಗರು ಮೊಬೈಲ್ ತೋರಿಸಿ ಕೇಳುತ್ತಾರೆ. ಸ್ಕಾಟ್ಲೆಂಡಿನ ಡಂಬಾರ್ಟನ್ ಹತ್ತಿರ ಓವರ್‌ಟೌನ್ ಅನ್ನುವ ಸೇತುವೆ ಇದೆ, ಅಲ್ಲಿಂದ ನಾಯಿಗಳು ಹಾರಿ ಸಾಯುತ್ತವಂತೆ, ನಿಜಾನಾ ಅಂತ. ಹಾರಿರುವುದು ನಿಜ. 1895ರಲ್ಲಿ ಕಟ್ಟಿದ ಕಲ್ಲಿನ ಸೇತುವೆ, ಕೆಳಗೆ ಸುಮಾರು 50 ಅಡಿ ಆಳದ ಕಣಿವೆ. ಪ್ರಾಣಿಗಳ ನಡವಳಿಕೆ ಬಲ್ಲ ಡೇವಿಡ್ ಸ್ಯಾಂಡ್ಸ್ ಅಲ್ಲಿಗೆ ಹೋಗಿ ನೋಡಿ ಹೇಳಿದ್ದು ವಾಸನೆಯ ವಿಷಯ. ಕೆಳಗಿನ ಪೊದೆಗಳಲ್ಲಿ ಮುಂಗುಸಿಯನ್ನು ಹೋಲುವ ಮಿಂಕ್ ಅನ್ನುವ ಪ್ರಾಣಿ ಇದೆ, ಅದರ ಘಾಟು ಜೋರು. ನಾಯಿಯ ಎತ್ತರಕ್ಕೆ ಕಾಣುವುದು ಕಲ್ಲಿನ ಗೋಡೆ ಮಾತ್ರ, ಆಚೆಗೆ ಕಣಿವೆ ಇದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ನನಗೆ ಒಪ್ಪಿಗೆ. ಯಾಕೆಂದರೆ ನಮ್ಮ ಊರಿನ ತಾರಸಿಗಳ ಮೇಲೂ ನಡೆಯುವುದು ಇದೇ. ಮಂಗ ಬರುತ್ತದೆ, ನಾಯಿ ಅಟ್ಟಿಸಿಕೊಂಡು ಹೋಗುತ್ತದೆ. ಮಂಗ ಪ್ಯಾರಾಪೆಟ್ ದಾಟಿ ಮರದ ಕೊಂಬೆ ಹಿಡಿಯುತ್ತದೆ. ನಾಯಿಯೂ ದಾಟುತ್ತದೆ, ಅದಕ್ಕೆ ಕೊಂಬೆ ಇಲ್ಲ. ದೀಪಾವಳಿ ರಾತ್ರಿ ಪಟಾಕಿ ಸದ್ದಿಗೆ ಬೆದರಿ ಬಾಲ್ಕನಿಯಿಂದ ಹಾರಿ ಸೊಂಟ ಮುರಿದುಕೊಂಡು ಬರುವ ನಾಯಿಗಳ ಕಥೆಯೂ ಅಷ್ಟೇ. ಸದ್ದಿನಿಂದ ದೂರ ಓಡಬೇಕು ಅನ್ನುವುದೊಂದೇ ಅದರ ತಲೆಯಲ್ಲಿರುತ್ತದೆ.

ಹಳ್ಳಿ ಕಡೆ "ಸಾಯೋಕೇ ಮನೆ ಬಿಟ್ಟು ಹೋಯ್ತು, ಚಾನಲ್‌ಗೆ ಬಿತ್ತು" ಅನ್ನುತ್ತಾರೆ. ಜ್ವರ ಬಂದ ನಾಯಿ ತಂಪು ಹುಡುಕುತ್ತದೆ, ಯಾರೂ ಮುಟ್ಟದ ಜಾಗ ಹುಡುಕುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟಾಗ ಅಲ್ಲಿಗೆ ಇಳಿಯುತ್ತದೆ. ಕಾಂಕ್ರೀಟ್ ಇಳಿಜಾರು, ಮೇಲೆ ಪಾಚಿ. ಹತ್ತಲು ಉಗುರಿಗೆ ಹಿಡಿತವೇ ಸಿಗುವುದಿಲ್ಲ. ಚಿತ್ರದುರ್ಗದ ಕಡೆ ಕಟ್ಟೆ ಇಲ್ಲದ ಹಳೇ ಬಾವಿಗಳು ಇದೇ ಕೆಲಸ ಮಾಡುತ್ತವೆ. ವಯಸ್ಸಾದ ನಾಯಿಗೆ ಕಣ್ಣು ಮಂಜಾಗಿರುತ್ತದೆ, ಮರೆವು ಬಂದಿರುತ್ತದೆ, ಮನೆ ದಾರಿಯೇ ತಪ್ಪುತ್ತದೆ. ಬಾವಿಗೆ ಒಂದು ಕಟ್ಟೆ ಕಟ್ಟಿಸಿ, ತಾರಸಿ ಬಾಗಿಲು ಹಾಕಿಡಿ.

ಒಂದು ವಿಷಯವನ್ನು ಮಾತ್ರ ಒತ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಮನುಷ್ಯರ ಜೀವವೂ ಇದೆ. ಊಟ ಬಿಟ್ಟು, ಮೂಲೆಯಲ್ಲಿ ಮಂಕಾಗಿ ಕೂತು, ಬಾಯಿ ತೆರೆದುಕೊಂಡು ಜೊಲ್ಲು ಸುರಿಸುವ ನಾಯಿಗೆ ರೇಬಿಸ್ ಇರಬಹುದು. ಹುಚ್ಚುನಾಯಿ ಅಂದರೆ ಅಟ್ಟಿಸಿಕೊಂಡು ಬಂದು ಕಚ್ಚುವುದು ಅಂತಷ್ಟೇ ನಾವು ತಿಳಿದಿರುತ್ತೇವೆ. ಮಂಕು ಬಗೆಯೂ ಇದೆ. ದವಡೆಗೆ ಲಕ್ವ ಹೊಡೆದು ಬಾಯಿ ಮುಚ್ಚಲು ಆಗುವುದಿಲ್ಲ, ನುಂಗಲೂ ಆಗುವುದಿಲ್ಲ. ಮನೆಯವರು ಕೊರಗು ಅಂದುಕೊಂಡು ಕೈತುತ್ತು ಕೊಡಲು ಹೋಗುತ್ತಾರೆ. ಇಲ್ಲವೇ ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಗಾಯಕ್ಕೋ ಕಣ್ಣು, ಬಾಯಿಗೋ ಜೊಲ್ಲು ತಾಗಿದ್ದರೆ 15 ನಿಮಿಷ ತೊಳೆಯಿರಿ. ಗಾಯಕ್ಕೆ ಸೋಪು ಹಾಕಿ ಹರಿಯುವ ನೀರಿನಲ್ಲಿ, ಕಣ್ಣು, ಬಾಯಿಗೆ ಬರೀ ನೀರಿನಲ್ಲಿ. ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಕೇಳಿ.

ಪರೀಕ್ಷೆಯಲ್ಲಿ ಕಾಯಿಲೆ ಏನೂ ಇಲ್ಲ, ದುಃಖವೇ ಅಂತಾದರೆ ಆರೈಕೆ ಕಷ್ಟವಲ್ಲ. ಹೋದವರು ಯಾವ ಹೊತ್ತಿಗೆ ಊಟ ಹಾಕುತ್ತಿದ್ದರೋ ಆ ಹೊತ್ತಿಗೇ ಹಾಕಿ. ಮನೆಯಲ್ಲಿ ಒಬ್ಬರೇ ಹಾಕಿ, ದಿನಕ್ಕೊಬ್ಬರು ಬೇಡ. ಊಟ ಸ್ವಲ್ಪ ಬೆಚ್ಚಗಿರಲಿ, ವಾಸನೆ ಏಳುತ್ತದೆ. ಅವರು ಕರೆದುಕೊಂಡು ಹೋಗುತ್ತಿದ್ದ ದಾರಿಯಲ್ಲೇ ಒಂದು ಸುತ್ತು ಹಾಕಿಸಿ. ಸರಪಳಿ ಹಾಕಿ ಮೂಲೆಯಲ್ಲಿ ಕಟ್ಟಬೇಡಿ. ಇಷ್ಟಾದರೂ ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ತೋರಿಸಿ. ನೀರನ್ನೂ ಮುಟ್ಟದಿದ್ದರೆ, ಮರಿಯಾಗಿದ್ದರೆ, ಒಸಡು ಬಿಳಿಚಿದ್ದರೆ, ಅಷ್ಟು ಹೊತ್ತೂ ಕಾಯಬೇಡಿ.