ಬೂಟ್ ದಾಖಲೆ ಡಿಸ್ಕಿನ ಜೊತೆ ಬರುವುದಿಲ್ಲ

"ಡಿಸ್ಕಿಗೆ ಲಿನಕ್ಸ್ ಹಾಕುವ ಸ್ಕ್ರಿಪ್ಟ್ ಒಂದೂ ದೋಷವಿಲ್ಲದೆ ಮುಗಿಯಿತು, ನನ್ನ ಕಂಪ್ಯೂಟರ್‌ನಲ್ಲಿ ಬೂಟ್ ಕೂಡ ಆಯಿತು. ಬೇರೆಯದಕ್ಕೆ ಹಾಕಿದರೆ ಏಳುವುದೇ ಇಲ್ಲ, ಡಿಸ್ಕ್ ಕೆಟ್ಟಿರಬೇಕು." ಡಿಸ್ಕ್ ಕೆಟ್ಟಿಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಜಿಪಿಟಿ ಎಂಬ ಪಾರ್ಟಿಷನ್ ಪಟ್ಟಿ, ಬೂಟ್ ಫೈಲುಗಳಿಗಾಗಿ ಫ್ಯಾಟ್32 ವಿಧದ ಇಎಫ್‌ಐ ಪಾರ್ಟಿಷನ್, ಅದರ ವಿಧ ತಿಳಿಸುವ ಇಎಫ್00 ಗುರುತು: ಇದೆಲ್ಲವನ್ನೂ ಸ್ಕ್ರಿಪ್ಟ್ ಬರೆಯುವವರು ಸಾಮಾನ್ಯವಾಗಿ ಸರಿಯಾಗಿಯೇ ಮಾಡಿರುತ್ತಾರೆ. ಎಡವುವುದು ಕೊನೆಗೆ, ಲಿನಕ್ಸನ್ನು ಏಳಿಸುವ ಗ್ರಬ್ ಎಂಬ ಬೂಟ್‌ಲೋಡರನ್ನು ಹಾಕುವ ಗ್ರಬ್-ಇನ್‌ಸ್ಟಾಲ್ ಸಾಲಿನಲ್ಲಿ. ಕಂಪ್ಯೂಟರ್ ಚಾಲೂ ಆದೊಡನೆ ಓಡುವ ಮದರ್‌ಬೋರ್ಡಿನ ತಂತ್ರಾಂಶ ಹಿಂದೆ ಬಯೋಸ್ ಆಗಿತ್ತು; ಅದು ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿದ್ದ 446 ಬೈಟ್‌ಗಳ ಕೋಡನ್ನು ಹಿಂದೆಮುಂದೆ ನೋಡದೆ ಓಡಿಸುತ್ತಿತ್ತು. ಡಿಸ್ಕ್ ಹೋದ ಕಡೆ ಬೂಟ್ ಕೂಡ ಹೋಗುತ್ತಿತ್ತು. ಅದರ ಜಾಗಕ್ಕೆ ಬಂದ ಯುಇಎಫ್‌ಐ ಹಾಗಲ್ಲ. ಗ್ರಬ್-ಇನ್‌ಸ್ಟಾಲ್ ಇಲ್ಲಿ ಎರಡು ಕೆಲಸ ಮಾಡುತ್ತದೆ. ಬೂಟ್‌ಲೋಡರ್ ಫೈಲನ್ನು ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೆ ಹಾಕುತ್ತದೆ. ಆ ಫೈಲ್ ಎಲ್ಲಿದೆ ಎಂಬ ವಿಳಾಸವನ್ನು, ಅಂದರೆ ಬೂಟ್ ದಾಖಲೆಯನ್ನು, ಮದರ್‌ಬೋರ್ಡಿನಲ್ಲಿ ವಿದ್ಯುತ್ ಹೋದರೂ ಅಳಿಯದ ಸ್ಮೃತಿಯಾದ ಎನ್‌ವಿರ‍್ಯಾಮ್‌ನಲ್ಲಿ ಬರೆಯುತ್ತದೆ. ನೀವು ಡಿಸ್ಕ್ ಕಳಚಿಕೊಂಡು ಹೋದಾಗ ವಿಳಾಸ ಹಳೆಯ ಬೋರ್ಡಿನಲ್ಲೇ ಉಳಿಯುತ್ತದೆ. ಹೊಸ ಬೋರ್ಡಿಗೆ ಆ ಫೈಲಿರುವ ಫೋಲ್ಡರ್ (ನಿಮ್ಮ ಲಿನಕ್ಸ್ ವಿತರಣೆ ಡೆಬಿಯನ್ ಆದರೆ ಡೆಬಿಯನ್ ಎಂಬ ಹೆಸರಿನದು) ಇದೆಯೆಂದೇ ತಿಳಿಯದು. ಅಪರಿಚಿತ ಡಿಸ್ಕಿನಲ್ಲಿ ಅದು ಹುಡುಕುವುದು ಗೊತ್ತುಪಡಿಸಿದ ಒಂದೇ ಜಾಗದಲ್ಲಿ: ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64.ಇಎಫ್‌ಐ. 64 ಬಿಟ್ ಆರ್ಮ್ ಆದರೆ ಬೂಟ್‌ಎಎ64.

ಆದ್ದರಿಂದ ಊರೂರು ತಿರುಗುವ ಡಿಸ್ಕಿಗೆ ಆ ಸಾಲಿನಲ್ಲಿ ಫೈಲನ್ನು ಆ ಗೊತ್ತುಪಡಿಸಿದ ಜಾಗಕ್ಕೇ ಹಾಕುವ ರಿಮೂವಬಲ್ ಆಯ್ಕೆ ಇರಲೇಬೇಕು, ಜೊತೆಗೆ ಬೋರ್ಡಿನಲ್ಲಿ ವಿಳಾಸ ಬರೆಯದಂತೆ ತಡೆಯುವ ನೋ-ಎನ್‌ವಿರ‍್ಯಾಮ್ ಕೂಡ ಇದ್ದರೆ ಒಳ್ಳೆಯದು. ಎರಡನೆಯದು ಏಕೆ ಎಂಬುದನ್ನು ನನ್ನ ಜೊತೆ ಕೆಲಸ ಮಾಡುವ ಒಬ್ಬ ಹುಡುಗ ಕಲಿಸಿದ. ಬಹಳ ಶ್ರದ್ಧೆಯವನು, ಡಿಸ್ಕ್ ಏಳಲಿಲ್ಲವೆಂದು ಮೂರು ಸಲ ಅಳಿಸಿ ಸ್ಕ್ರಿಪ್ಟ್ ಓಡಿಸಿದ್ದ. ಪಾರ್ಟಿಷನ್ ತೆರೆದು ನೋಡಿದೆ, ಒಳಗೆ ಡೆಬಿಯನ್ ಎಂಬ ಒಂದೇ ಫೋಲ್ಡರ್. ಬೂಟ್ ಫೋಲ್ಡರ್ ಮಾಡಿ ಗ್ರಬ್ ಫೈಲನ್ನು ಬೂಟ್‌ಎಕ್ಸ್64.ಇಎಫ್‌ಐ ಹೆಸರಿನಲ್ಲಿ ನಕಲಿಸಿದೆವು, ಡಿಸ್ಕ್ ಎದ್ದಿತು. ಅಷ್ಟರಲ್ಲಿ ಅವನ ಸ್ವಂತ ಲ್ಯಾಪ್‌ಟಾಪ್ ಮಲಗಿತ್ತು. ಸ್ಕ್ರಿಪ್ಟ್ ಓಡಿದ್ದು ಅದರಲ್ಲೇ, ಅದರಲ್ಲಿದ್ದುದೂ ಡೆಬಿಯನ್, ಬೋರ್ಡಿನಲ್ಲಿದ್ದ ಅದೇ ಹೆಸರಿನ ಹಳೆಯ ದಾಖಲೆಯನ್ನು ತೆಗೆದು, ಕಳಚಿಹೋದ ಡಿಸ್ಕಿನ ವಿಳಾಸವನ್ನು ಅಲ್ಲಿ ಬರೆಯಲಾಗಿತ್ತು. ಆ ಸಂಜೆಯಿಡೀ ಆ ದಾಖಲೆಗಳನ್ನು ತಿದ್ದುವ ಇಎಫ್‌ಐಬೂಟ್‌ಎಂಜಿಆರ್ ಹಿಡಿದು ಕೂತೆವು.

ಸಹಿಯಿಲ್ಲದ ಬೂಟ್ ಫೈಲನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಇಷ್ಟೇ ಸಾಲದು. ಬೂಟ್‌ಎಕ್ಸ್64 ಹೆಸರಿನಲ್ಲಿ ಶಿಮ್ ಎಂಬ, ಗ್ರಬ್ಬನ್ನು ಓಡಿಸುವ ಸಹಿಯುಳ್ಳ ಚಿಕ್ಕ ಪ್ರೋಗ್ರಾಂ ಇರಬೇಕು, ಗ್ರಬ್ ಅದರ ಪಕ್ಕದಲ್ಲಿ. ವಿವರ ವಿತರಣೆಯಿಂದ ವಿತರಣೆಗೆ ಬದಲಾಗುತ್ತದೆ, ನಿಮ್ಮದರ ಕೈಪಿಡಿ ನೋಡಿಕೊಳ್ಳಿ.

ತಯಾರಿಸಿದ ಕಂಪ್ಯೂಟರಿನಲ್ಲೇ ಪರೀಕ್ಷಿಸಿ ಸರಿಯಿದೆ ಎನ್ನಬೇಡಿ, ಅದಕ್ಕೆ ವಿಳಾಸ ಮೊದಲೇ ಗೊತ್ತಿರುತ್ತದೆ. ಕ್ಯೂಎಮು ಎಂಬ ವರ್ಚುವಲ್ ಕಂಪ್ಯೂಟರಿನ ಜೊತೆ ಅದಕ್ಕಾಗಿಯೇ ಇರುವ ಯುಇಎಫ್‌ಐ ಆದ ಒವಿಎಂಎಫ್ ಬಳಸಿ, ಪ್ರತಿ ಸಲವೂ ಬೂಟ್ ದಾಖಲೆಗಳಿರುವ ಅದರ ವೇರಿಯಬಲ್ ಫೈಲಿನ ಹೊಸ ನಕಲು ಕೊಟ್ಟು ಬೂಟ್ ಮಾಡಿ ನೋಡಿ.