ಖೋಟಾ ಚೀಟಿಗೂ ಒಂದು ಖಾನೆ

ಹೋದ ತಿಂಗಳು ಶಿವಮೊಗ್ಗದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅಜ್ಜನ ಕಾಲದ ಸ್ಟಾಂಪ್ ಆಲ್ಬಮ್ಮನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನೆದುರು ಕೂತರು. ಅಂಚೆಚೀಟಿಗಳಿಗೆ ಬೆಲೆ ಕಟ್ಟುವುದು, ಅಸಲಿಯೋ ನಕಲಿಯೋ ಅಂತ ಹೇಳುವುದು ನನ್ನ ಕಸುಬು. ಟವೆಲ್ಲಿನಲ್ಲಿ ಸುತ್ತಿ ತಂದ ಆಲ್ಬಮ್ ಅಂದರೆ ಮನೆಯವರು ಅದರ ಮೇಲೆ ಆಸೆ ಇಟ್ಟಿದ್ದಾರೆ ಅಂತಲೇ ಲೆಕ್ಕ. ಮೇಷ್ಟ್ರು ನೇರವಾಗಿ ಒಂದು ಪುಟ ತೆಗೆದು ತೋರಿಸಿದರು. 1948ರ ಆಗಸ್ಟ್ 15ರಂದು ಬಂದ ಗಾಂಧಿ ಸರಣಿ: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡಾಣೆ, ಹತ್ತು ರೂಪಾಯಿ. ನಾಲ್ಕೂ ಇದ್ದವು.

‘ಹತ್ತು ರೂಪಾಯಿದು ಲಕ್ಷಕ್ಕೆ ಹೋಗತ್ತಂತೆ, ಹೌದಾ ಸರ್?’

ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಪುಟ್ಟ ಭೂತಗನ್ನಡಿ, ಇಟ್ಟು ನೋಡಿದೆ. ಮೊದಲ ಮೂರಕ್ಕೆ ಏನೂ ಹೇಳುವ ಹಾಗಿಲ್ಲ. ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಫೋಟೊಗ್ರೇವ್ಯೂರ್ ವಿಧಾನದಲ್ಲಿ ಅಚ್ಚಾದ ಚೀಟಿಗಳು. ಗಾಂಧೀಜಿಯ ಕೆನ್ನೆಯ ನೆರಳು ಹೊಗೆಯ ಹಾಗೆ ಮೆಲ್ಲಗೆ ತೆಳುವಾಗುತ್ತ ಹೋಗುತ್ತದೆ. ನಾಲ್ಕನೆಯದರಲ್ಲಿ ಅದೇ ಕೆನ್ನೆ ಚುಕ್ಕಿ ಚುಕ್ಕಿ. ಗುಲಾಬಿ, ನೀಲಿ, ಹಳದಿ, ಕಪ್ಪು ಚುಕ್ಕಿಗಳು ರಂಗೋಲಿಯಂತೆ ಒಂದರ ಸುತ್ತ ಒಂದು. ಇದು ಮದುವೆ ಕಾಗದ, ಕ್ಯಾಲೆಂಡರು ಅಚ್ಚು ಹಾಕುವ ಆಫ್‌ಸೆಟ್ ಕೆಲಸ. ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದರೆ ಕಾಗದ ಹೊಸ ಪಂಚೆಯ ಹಾಗೆ ಫಳಫಳ ಹೊಳೆಯಿತು. ಕಾಗದಕ್ಕೆ ಹೊಳಪಿನ ರಾಸಾಯನಿಕ ಬೆರೆಸುವುದು ರೂಢಿಗೆ ಬಂದದ್ದು ಆಮೇಲಿನ ಕಾಲದಲ್ಲಿ. 1948ರ ಚೀಟಿ ಹಾಗೆ ಹೊಳೆಯಬಾರದು. ಅಂಚಿನ ಹಲ್ಲು ಎಣಿಸುವ ಗೇಜು ಹಿಡಿದೆ. ಅಸಲಿಯಲ್ಲಿ ಎರಡು ಸೆಂಟಿಮೀಟರಿಗೆ ಹನ್ನೊಂದೂವರೆ ತೂತು ಬರಬೇಕು, ಬರಲಿಲ್ಲ.

ಹೇಳಿದೆ. ಮೇಷ್ಟ್ರ ಮುಖ ಸಪ್ಪಗಾಯಿತು. ಆದರೆ ಪಕ್ಕದಲ್ಲಿ ಕೂತು ತಮ್ಮ ಸರದಿಗೆ ಕಾಯುತ್ತಿದ್ದ ನನ್ನ ಹಳೆಯ ಗಿರಾಕಿಯೊಬ್ಬರು ಕತ್ತು ಚಾಚಿ, ‘ನಕಲಿಯಾದರೆ ನನಗೆ ಕೊಡ್ತೀರಾ?’ ಅಂದುಬಿಟ್ಟರು. ಮೇಷ್ಟ್ರು ಅವರನ್ನು ನೋಡಿದ ನೋಟ ನಾನು ಮರೆಯುವಂಥದ್ದಲ್ಲ.

ನಕಲಿ ಕೂಡಿಸುವವರು ಇದ್ದಾರೆ, ಹುಚ್ಚರಲ್ಲ. ಅಸಲಿಗಿಂತ ನಕಲಿಗೇ ಹೆಚ್ಚು ಬೆಲೆ ಇರುವ ಚೀಟಿಗಳೂ ಇವೆ. ಅವುಗಳಲ್ಲಿ ನನಗೆ ಅಚ್ಚುಮೆಚ್ಚಿನದು ಲಂಡನ್ ಷೇರುಪೇಟೆಯದು.

1872ರ ಸುಮಾರು. ಲಂಡನ್ನಿನ ಸ್ಟಾಕ್ ಎಕ್ಸ್‌ಚೇಂಜಿನಲ್ಲೇ ಒಂದು ತಂತಿ ಕಚೇರಿ. ದಲ್ಲಾಳಿ ಬಂದು ತಂತಿಯ ಒಕ್ಕಣೆ ಬರೆದುಕೊಟ್ಟು ಒಂದು ಷಿಲಿಂಗ್ ಎಣಿಸಿ ಹೋಗುತ್ತಾನೆ. ಗುಮಾಸ್ತ ಆ ಫಾರಮ್ಮಿಗೆ ಒಂದು ಷಿಲಿಂಗಿನ ಹಸಿರು ಚೀಟಿ ಅಂಟಿಸಿ ಮೊಹರು ಹೊಡೆಯುತ್ತಾನೆ. ಫಾರಮ್ಮು ಕಚೇರಿಯಲ್ಲೇ ಉಳಿಯುತ್ತದೆ. ಕಾಗದಕ್ಕೆ ಅಂಟಿಸಿದ ಚೀಟಿಯಾದರೆ ಹತ್ತು ಕೈ ದಾಟಬೇಕು. ಇದನ್ನೋ, ದುಡ್ಡು ಕೊಟ್ಟವನೂ ನೋಡುವುದಿಲ್ಲ, ತಂತಿ ಪಡೆದವನೂ ನೋಡುವುದಿಲ್ಲ. ಕಚೇರಿಯ ಒಳಗಿದ್ದ ಯಾರಿಗೋ ಈ ಸಂದು ಕಂಡಿತು. ನಕಲಿ ಚೀಟಿ ಅಂಟಿಸಿ ಷಿಲಿಂಗನ್ನು ಜೇಬಿಗಿಳಿಸಿದರು. ಬಳಸಿದ ಫಾರಮ್ಮುಗಳು ಹೇಗೂ ನಾಶವಾಗಬೇಕಾದವು. ಹಾಗೆ ಆಗಲಿಲ್ಲ; ಒಂದಷ್ಟು ಹೊರಗೆ ಬಂದು ಸಂಗ್ರಾಹಕರ ಕೈ ಸೇರಿದವು. 1898ರಲ್ಲಿ ಚಾರ್ಲ್ಸ್ ನಿಸೆನ್ ಎಂಬ ಸ್ಟಾಂಪ್ ವ್ಯಾಪಾರಿ ಇಂಥ ಚೀಟಿಗಳನ್ನು ನೋಡುವಾಗ ನೀರುಗುರುತೇ (ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ಗುರುತು) ಇಲ್ಲದ್ದನ್ನು ಕಂಡ. ಅಸಲಿಯ ಕಾಗದದಲ್ಲಿ ಗುಲಾಬಿ ಕೊಂಬೆಯ ನೀರುಗುರುತು ಇರಬೇಕಿತ್ತು.

ಆಮೇಲೆ ಮೂಲೆಯ ಅಕ್ಷರಗಳು. ಆ ಕಾಲದ ಬ್ರಿಟಿಷ್ ಚೀಟಿಯ ನಾಲ್ಕು ಮೂಲೆಯಲ್ಲೂ ಅಕ್ಷರಗಳಿರುತ್ತಿದ್ದವು, ಹಾಳೆಯಲ್ಲಿ ಆ ಚೀಟಿ ಯಾವ ಸಾಲಿನ ಎಷ್ಟನೆಯದು ಅಂತ ತಿಳಿಸಲು. ಇಪ್ಪತ್ತು ಸಾಲು, ಸಾಲಿಗೆ ಹನ್ನೆರಡು ಚೀಟಿ. ಹಾಗಾಗಿ ಸಾಲಿನ ಅಕ್ಷರ ‘ಎ’ಯಿಂದ ‘ಟಿ’ವರೆಗೆ, ಸ್ಥಾನದ ಅಕ್ಷರ ‘ಎ’ಯಿಂದ ‘ಎಲ್’ವರೆಗೆ ಮಾತ್ರ ಬರಲು ಸಾಧ್ಯ. ನಕಲಿ ಮಾಡಿದವನು ಅಕ್ಷರ ಬದಲಾಗುತ್ತದೆ ಅನ್ನುವುದನ್ನು ಗಮನಿಸಿದ, ಯಾಕೆ ಬದಲಾಗುತ್ತದೆ ಅನ್ನುವುದನ್ನು ಗಮನಿಸಲಿಲ್ಲ. ಯಾವ ಹಾಳೆಯಲ್ಲೂ ಇರಲಾರದ ಜೋಡಿಗಳನ್ನು ಅಚ್ಚು ಹಾಕಿಬಿಟ್ಟ. ಅಷ್ಟು ಚೆನ್ನಾಗಿ ಕೆತ್ತಿದ ಕೈ, ಕಾಪಿ ಹೊಡೆಯುವ ಹುಡುಗ ಪಕ್ಕದವನ ರಿಜಿಸ್ಟರ್ ನಂಬರನ್ನೂ ಬರೆದುಕೊಂಡ ಹಾಗೆ ಸಿಕ್ಕಿಬಿತ್ತು. ಸಿಕ್ಕಿದ್ದು ಕೈಚಳಕ ಮಾತ್ರ. ಆಸಾಮಿ ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಅದೇ ಒಂದು ಷಿಲಿಂಗಿನ ಅಸಲಿ ಚೀಟಿ ಸಾಮಾನ್ಯ ಬೆಲೆಗೆ ಸಿಗುತ್ತದೆ. ಈ ನಕಲಿಗೆ ಅದರ ಹಲವು ಪಟ್ಟು.

ಅಂಚೆ ಇಲಾಖೆಗೆ ಮೋಸ ಮಾಡಲು ಹುಟ್ಟಿದ ನಕಲಿ ಒಂದು ಜಾತಿ, ಸಂಗ್ರಾಹಕನಿಗೆ ಮೋಸ ಮಾಡಲು ಹುಟ್ಟಿದ್ದು ಇನ್ನೊಂದು ಜಾತಿ. ಮೊದಲನೆಯದು ಅಂಚೆಯ ಚರಿತ್ರೆಗೇ ಸೇರಿದ್ದು. ಮೊಹರು ಬಿದ್ದು, ಕೆಲಸ ಮುಗಿಸಿ ಬಂದ ಚೀಟಿ. ಎರಡನೆಯದಕ್ಕೆ ಅಂಚೆಯ ಗಂಧವೇ ಇಲ್ಲ, ಸೀದಾ ಆಲ್ಬಮ್ಮಿಗೇ ಗಾಳ. ಆದರೂ ಈ ಎರಡನೆಯ ಜಾತಿಯಲ್ಲಿ ಒಬ್ಬನ ಹೆಸರಿಗೆ ನಾನು ಎದ್ದು ನಿಲ್ಲುತ್ತೇನೆ. ಜಾನ್ ದ ಸ್ಪೆರಾಟಿ.

ಇಟಲಿಯಲ್ಲಿ 1884ರಲ್ಲಿ ಹುಟ್ಟಿ ಫ್ರಾನ್ಸಿನ ಎಕ್ಸ್-ಲೆ-ಬ್ಯಾಂ ಊರಿನಲ್ಲಿ ನೆಲೆಸಿದವನು. 1942ರಲ್ಲಿ ಅವನು ಲಿಸ್ಬನ್ನಿಗೆ ಕಳಿಸಿದ ಅಂಚೆಯನ್ನು ಫ್ರೆಂಚ್ ಕಸ್ಟಮ್ಸಿನವರು ಒಡೆದು ನೋಡಿದರೆ ಒಳಗೆ ಬೆಲೆಬಾಳುವ ಹಳೆಯ ಜರ್ಮನ್ ಚೀಟಿಗಳು. ಘೋಷಿಸದೆ ಸಂಪತ್ತು ಸಾಗಿಸಿದ ಅಂತ ಕೇಸು ಬಿತ್ತು. ಸ್ಪೆರಾಟಿಯ ಉತ್ತರ: ಇವು ನಾನೇ ಮಾಡಿದ ನಕಲಿಗಳು, ಕಾಗದದ ಚೂರುಗಳು, ಬೆಲೆ ಏನೂ ಇಲ್ಲ. ತಜ್ಞರನ್ನು ಕೇಳಿದರೆ ಅವರು ಅಸಲಿ ಅಂದರು! ಕಳ್ಳನೇ ಕಳ್ಳಮಾಲು ಅಂತ ಹೇಳಿದರೂ ನಂಬುವವರಿಲ್ಲ. ತಾನು ಖೋಟಾ ಮಾಡುವವನು ಅಂತ ರುಜುವಾತು ಮಾಡಲು ಅವನು ಮತ್ತೆ ಅದೇ ಚೀಟಿಗಳನ್ನು ತಯಾರಿಸಿ ತೋರಿಸಬೇಕಾಯಿತು.

ತಜ್ಞರು ಎಡವಿದ್ದಕ್ಕೆ ಕಾರಣವಿತ್ತು. ಸ್ಪೆರಾಟಿ ಕಾಗದ ತಯಾರಿಸುವ ಗೋಜಿಗೇ ಹೋಗುತ್ತಿರಲಿಲ್ಲ. ಅದೇ ದೇಶದ, ಅದೇ ಕಾಲದ ಅಗ್ಗದ ಅಸಲಿ ಚೀಟಿ ತಂದು, ಚಿತ್ರದ ಶಾಯಿಯನ್ನು ರಾಸಾಯನಿಕದಲ್ಲಿ ತೊಳೆದು, ಕೆಲವೊಮ್ಮೆ ಅಂಚೆ ಮೊಹರನ್ನು ಮಾತ್ರ ಹಾಗೇ ಉಳಿಸಿಕೊಂಡು, ಆ ಬರಿಯ ಕಾಗದದ ಮೇಲೆ ದುಬಾರಿ ಚೀಟಿಯ ಚಿತ್ರವನ್ನು ಛಾಯಾಚಿತ್ರದ ಸಹಾಯದಿಂದ ಅಚ್ಚು ಹಾಕುತ್ತಿದ್ದ. ನೀರುಗುರುತು ಅಸಲಿ. ಹಲ್ಲು ಅಸಲಿ. ಮೊಹರು ಅಸಲಿ. ನಾನು ಮೇಷ್ಟ್ರ ಚೀಟಿಗೆ ಮಾಡಿದ ಪರೀಕ್ಷೆಗಳಲ್ಲಿ ಲೂಪೊಂದನ್ನು ಬಿಟ್ಟು ಉಳಿದವೆಲ್ಲ ಅವನ ಮುಂದೆ ಕೈಚೆಲ್ಲುತ್ತವೆ. ಉಬ್ಬಚ್ಚಿನಲ್ಲಿ ಮುದ್ರಿಸಿದ ಅಸಲಿ ಚೀಟಿಯಲ್ಲಿ ಗೆರೆಯ ಅಂಚಿಗೆ ಶಾಯಿ ಸರಿದು ದಪ್ಪಗೆ ಕಟ್ಟಿಕೊಂಡಿರುತ್ತದೆ, ಬೆನ್ನಿನ ಕಡೆ ಸವರಿದರೆ ಒತ್ತು ತಿಳಿಯುತ್ತದೆ. ಅವನ ಶಾಯಿ ಚಪ್ಪಟೆ. ಅಷ್ಟೇ ವ್ಯತ್ಯಾಸ. ಜೊತೆಗೆ ಅವನ ಪ್ರತಿ ಅಚ್ಚಿನಲ್ಲೂ ಎಲ್ಲೋ ಒಂದು ಸಣ್ಣ ಊನ, ಆ ಅಚ್ಚಿನಿಂದ ಬಂದ ಎಲ್ಲ ಚೀಟಿಗಳಲ್ಲೂ ಅದೇ ಜಾಗದಲ್ಲಿ ಇರುತ್ತದೆ. ಹಾಗಾಗಿ ಸ್ಪೆರಾಟಿಯನ್ನು ಹಿಡಿಯಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಸ್ಪೆರಾಟಿ ಬೇಕು. ನಮ್ಮ ಕಸುಬಿನವರು ನಕಲಿಗಳನ್ನು ಜೋಪಾನ ಮಾಡುವುದು ಮೋಹದಿಂದ ಮಾತ್ರ ಅಂತ ತಿಳಿಯಬೇಡಿ, ಹೊಟ್ಟೆಪಾಡು ಕೂಡ.

1954ರಲ್ಲಿ ಬ್ರಿಟಿಷ್ ಫಿಲಾಟೆಲಿಕ್ ಅಸೋಸಿಯೇಷನ್ ಅವನ ದಾಸ್ತಾನು, ಸಲಕರಣೆ ಎಲ್ಲವನ್ನೂ ದುಡ್ಡು ಕೊಟ್ಟು ಕೊಂಡು ಬಾಯಿ ಮುಚ್ಚಿಸಿತು. ಮೂರು ವರ್ಷಕ್ಕೆ ಅವನು ತೀರಿಕೊಂಡ. ಈಗ ಹರಾಜಿನಲ್ಲಿ ಅವನ ಚೀಟಿಗಳು ಅವನದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಅವನಿಗಿಂತ ಮೊದಲು ಜಿನೀವಾದಲ್ಲಿ ಫ್ರಾನ್ಸ್ವಾ ಫೂರ್ನಿಯೇ ಎಂಬಾತ ಬಡ ಸಂಗ್ರಾಹಕರ ಖಾಲಿ ಖಾನೆ ತುಂಬಲು ಅಂತ ಬೆಲೆಪಟ್ಟಿಯನ್ನೇ ಅಚ್ಚು ಮಾಡಿ ರಾಜಾರೋಷವಾಗಿ ನಕಲು ಮಾರಿದ. ಅವನು ಸತ್ತ ಮೇಲೆ ಉಳಿದ ಸರಕನ್ನು ಅಲ್ಲಿನ ಸಂಗ್ರಾಹಕರ ಸಂಘ ಕೊಂಡು, 1928ರಲ್ಲಿ 480 ಆಲ್ಬಮ್ ಮಾಡಿ ಹಂಚಿ ಮಿಕ್ಕದ್ದನ್ನು ಹಾಳುಮಾಡಿತು. ಆ ಆಲ್ಬಮ್ಮುಗಳೇ ಈಗ ಅಪರೂಪದ ವಸ್ತು.

ನಮ್ಮಲ್ಲಿ ‘ನಕಲಿ ಸ್ಟಾಂಪು’ ಅಂದ ಕೂಡಲೇ ಖಾನಾಪುರದ ತೆಲಗಿ ನೆನಪಾಗುತ್ತಾನೆ. ಅದು ಛಾಪಾ ಕಾಗದದ ವ್ಯವಹಾರ, ನನ್ನ ಮೇಜಿಗೆ ಬರುವಂಥದ್ದಲ್ಲ. ಆದರೆ ಕಾನೂನಿನ ಮಾತು ಬಂದರೆ, ನಕಲಿ ಅಂಚೆಚೀಟಿ ಮಾಡುವುದು, ಮಾರುವುದು, ಸಕಾರಣವಿಲ್ಲದೆ ಇಟ್ಟುಕೊಳ್ಳುವುದು ಎಲ್ಲಕ್ಕೂ ಹಳೆಯ ದಂಡಸಂಹಿತೆಯ 263ಎ ಕಲಮು ಇನ್ನೂರು ರೂಪಾಯಿವರೆಗೆ ದಂಡ ಹೇಳುತ್ತಿತ್ತು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 186ನೇ ಕಲಮು. ಸರ್ಕಾರಿ ಸ್ಟಾಂಪನ್ನೇ ಖೋಟಾ ತಯಾರಿಸುವ ಅಪರಾಧ ಬೇರೆ, ಅದಕ್ಕೆ ಶಿಕ್ಷೆ ಭಾರಿ. ಅಧ್ಯಯನಕ್ಕೆಂದು ಇಟ್ಟುಕೊಂಡ ನಕಲಿಯ ಬೆನ್ನಿಗೆ ಪೆನ್ಸಿಲಿನಲ್ಲಿ ‘ನಕಲಿ’ ಅಂತ ಬರೆದಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಮೊಮ್ಮಗ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರಬಾರದಲ್ಲ.

ಎಲ್ಲ ನಕಲಿಗೂ ಈ ಗೌರವ ಸಲ್ಲುವುದಿಲ್ಲ. 1948ರ ಹತ್ತು ರೂಪಾಯಿಯ ಅಸಲಿ ಗಾಂಧಿಯ ಮೇಲೆ ‘ಸರ್ವಿಸ್’ ಅಂತ ಕಪ್ಪಕ್ಷರ ಒತ್ತಿ ಮಾರುವವರಿದ್ದಾರೆ. ‘ಸರ್ವಿಸ್’ ಅಂದರೆ ಸರ್ಕಾರಿ ಬಳಕೆಯದು; ಗವರ್ನರ್ ಜನರಲ್ ಕಚೇರಿಗೆಂದು ಆ ಅಕ್ಷರ ಒತ್ತಿ ಬಂದದ್ದು ಕೇವಲ 100ರಷ್ಟು. ಒಂದು ಒಳ್ಳೆಯ ಚೀಟಿಯನ್ನು ಕೆಡಿಸಿ ಮಾಡಿದ ಈ ಮೋಸ ಕಂಡರೆ ನನಗೆ ಮೈ ಉರಿಯುತ್ತದೆ. ಇವತ್ತು ಕಂಪ್ಯೂಟರಿನಲ್ಲಿ ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದ ಚೀಟಿಗಳನ್ನಂತೂ ಪುಕ್ಕಟೆ ಕೊಟ್ಟರೂ ಬೇಡ. ಅವುಗಳಲ್ಲಿ ಮನುಷ್ಯನ ಕೈ ಇಲ್ಲ, ತಪ್ಪೂ ಕೂಡ ಯಂತ್ರದ್ದು.

ಮೇಷ್ಟ್ರ ಚೀಟಿಯೂ ಈ ಕೊನೆಯ ಸಾಲಿಗೇ ಸೇರಬೇಕಾದ್ದು. ಆದರೆ ಲೂಪ್ ಪಕ್ಕಕ್ಕಿಡುವಾಗ ಒಂದು ಗಮನಿಸಿದೆ. ಮೊದಲ ಮೂರನ್ನು ಅಜ್ಜ ಹಿಂಜ್ (ಚೀಟಿಯ ಬೆನ್ನಿಗೆ ಹಚ್ಚುವ ತೆಳು ಅಂಟುಕಾಗದದ ಚೂರು) ಹಚ್ಚಿ ನೀಟಾಗಿ ಕೂರಿಸಿದ್ದರು. ನಾಲ್ಕನೆಯ ಖಾನೆಗೆ ಪೆನ್ಸಿಲಿನಲ್ಲಿ ಚೌಕ ಗೆರೆ ಹಾಕಿ ‘10 ರೂ.’ ಅಂತ ಬರೆದು ಖಾಲಿ ಬಿಟ್ಟಿದ್ದು ತಿಳಿಯುತ್ತಿತ್ತು. 1948ರಲ್ಲಿ ಸಣ್ಣ ಸಂಬಳದವರು ಹತ್ತು ರೂಪಾಯಿಯ ಚೀಟಿ ಕೊಳ್ಳುವ ಮಾತೆಲ್ಲಿ? ಆ ಚೌಕದ ಮೇಲೆ ನಕಲಿ ಚೀಟಿ ವಾರೆಯಾಗಿ, ಹಿಂಜ್ ಇಲ್ಲದೆ, ಒರಟೊರಟಾಗಿ ಅಂಟಿಕೊಂಡಿತ್ತು. ಚಿಮಟದಲ್ಲಿ ಅಂಚು ಎತ್ತಿ ಒಣಗಿದ ಅಂಟನ್ನು ಚೂರು ಕೆರೆದು, ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟೆ. ಕಡುನೀಲಿಗೆ ತಿರುಗಿತು. ಗಂಜಿ.

‘ಮೇಷ್ಟ್ರೇ, ಇದನ್ನ ಅನ್ನದ ಅಗುಳಲ್ಲಿ ಅಂಟಿಸಿದಾರೆ.’

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ನಮ್ಮಜ್ಜಿ ಸರ್. ಲಗ್ನಪತ್ರಿಕೆ ಲಕೋಟೆಗೂ ಅನ್ನದ ಅಗುಳೇ’ ಅಂದರು. ಪಕ್ಕದ ಗಿರಾಕಿ ಇನ್ನೊಮ್ಮೆ ಬೆಲೆ ಕೇಳಿದರು. ಮೇಷ್ಟ್ರು ಆಲ್ಬಮ್ಮನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತತೊಡಗಿದರು.